ದ್ರಾಕ್ಷಿ ಕಣಿವೆಯ ಜೋಡೆತ್ತು

ನಾನು ಇಟಲಿಗೆ ಹೋದದ್ದು ದನ ನೋಡುವುದಕ್ಕೆ. ಹೀಗೆ ಹೇಳಿದರೆ, ಕಡೂರು ಸ್ಟೇಷನ್ನಿನಲ್ಲಿ ಹಾರ ಹಾಕಿ ಕಳಿಸಿಕೊಟ್ಟ ನೆಂಟರಿಗೆ ಈಗಲೂ ಬೇಜಾರಾಗುತ್ತದೆ. ರೋಮಿನ ಹಳೇ ಕಟ್ಟಡಗಳು ಹೇಗಿವೆ, ಅಲ್ಲಿನ ಹೆಂಗಸರು ಏನು ಉಡುತ್ತಾರೆ, ಹಡಗು ಎಷ್ಟು ಅಲ್ಲಾಡುತ್ತದೆ ಎಂದು ಅವರು ಕೇಳುತ್ತಾರೆ. ಅವನ್ನೆಲ್ಲ ನಾನೂ ಕಂಡೆ. ಆದರೆ ಈಗ ಕಣ್ಣು ಮುಚ್ಚಿದರೆ ಬರುವುದು ಅವು ಯಾವುವೂ ಅಲ್ಲ, ನಾಲ್ಕು ದಿನ ಇದ್ದು ಬಂದ ಒಂದು ಕಣಿವೆ. ಅಲ್ಲಿ ನಡೆದದ್ದನ್ನು ಮನೆಯ ಹೊರಗೆ ಇಷ್ಟು ವರ್ಷ ಅರ್ಧ ಮಾತ್ರ ಹೇಳಿಕೊಂಡು ಬಂದಿದ್ದೇನೆ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹಿರೇನಲ್ಲೂರು. ಬೇಸಾಯದ ಮನೆ. ನಾನು ಪಶುವೈದ್ಯ ಓದಿ ಅಜ್ಜಂಪುರದ ಸರ್ಕಾರಿ ದನದ ಫಾರಮ್ಮಿನಲ್ಲಿ ಕೆಲಸಕ್ಕಿದ್ದೆ. ಐವತ್ತರ ದಶಕದ ನಡುವೆ, ತಳಿ ಬೆಳೆಸುವ ಹೊಸ ವಿಧಾನ ಕಲಿತು ಬರಲೆಂದು ಆರು ತಿಂಗಳ ಮಟ್ಟಿಗೆ ನನ್ನನ್ನು ಇಟಲಿಗೆ ಕಳಿಸಿದರು. ಅಲ್ಲಿನ ತರಬೇತಿ ಶಾಲೆಯ ಕೊಟ್ಟಿಗೆಯಲ್ಲಿ ಮೊದಲ ದಿನವೇ ಒಂದು ವಿಚಿತ್ರ ನಡೆಯಿತು. ಕಸ ಗುಡಿಸುತ್ತಿದ್ದ ಒಬ್ಬ ಆಳು, ನಾನು ಮೈಸೂರು ಸೀಮೆಯವನೆಂದು ಯಾರೋ ಹೇಳಿದ್ದು ಕೇಳಿ, ಪೊರಕೆಯನ್ನು ಗೋಡೆಗೊರಗಿಸಿ ಹತ್ತಿರ ಬಂದು, "ನೀರು ಬೇಕಾ?" ಅಂದ.

ಕನ್ನಡದಲ್ಲಿ! ಊರು ಬಿಟ್ಟು ಮೂರು ವಾರವಾಗಿತ್ತು. ಬಾಯಾರಿಕೆ ಇಲ್ಲದಿದ್ದರೂ ಬೇಕು ಅಂದೆ.

ಅವನ ಹೆಸರು ಲುಯಿಜಿ. ಯುದ್ಧದಲ್ಲಿ ಆಫ್ರಿಕಾದ ಮರಳಿನಲ್ಲಿ ಸೆರೆಸಿಕ್ಕಿ, ಬೆಂಗಳೂರಿನ ಕೈದಿಗಳ ಕ್ಯಾಂಪಿನಲ್ಲಿ ಕೆಲವು ವರ್ಷ ಕಳೆದಿದ್ದ. ಅಲ್ಲಿ ಕಲಿತ ಕನ್ನಡ ಹತ್ತು ಹನ್ನೆರಡು ಪದ: ನೀರು, ಅನ್ನ, ಬಾ, ಹೋಗು, ಬಿಸಿಲು, ಸ್ವಲ್ಪ, ಸಾಕು. ಉಳಿದದ್ದು ಹರಕು ಇಂಗ್ಲಿಷ್. "ನಿಮ್ಮೂರಲ್ಲಿ ಒಬ್ಬ ಮುದುಕಿ ಬೇಲಿ ಆಚೆಯಿಂದ ನನಗೆ ಸೀಬೆಹಣ್ಣು ಎಸೆಯುತ್ತಿದ್ದಳು, ದೊತ್ತೋರೆ" ಅಂದ. ದೊತ್ತೋರೆ ಅಂದರೆ ಡಾಕ್ಟರು. "ನಾನು ಅವಳಿಗೆ ಏನೂ ಕೊಡಲಿಲ್ಲ. ನಮ್ಮ ಮನೆಯಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗಿದೆ. ಈ ಶನಿವಾರ ನೀವು ಬರಬೇಕು."

ಯಾರೋ ಒಬ್ಬ ಮುದುಕಿ ಎಸೆದ ಸೀಬೆಹಣ್ಣಿನ ಪುಣ್ಯದಿಂದ ನಾನು ಆ ಕಣಿವೆಗೆ ಹೋದೆ.

ಶನಿವಾರ

ರೈಲಿಳಿದು, ಬಸ್ಸಿಳಿದು, ಕೊನೆಯ ಎರಡು ಮೈಲಿ ನಡೆದೆವು. ದಾರಿಯಲ್ಲೇ ನನ್ನ ಬೂಟಿನ ಅಟ್ಟೆ ಬಾಯಿಬಿಟ್ಟಿತು. ಲುಯಿಜಿ ದ್ರಾಕ್ಷಿ ಬಳ್ಳಿ ಕಟ್ಟುವ ಒಂದು ಎಳೆ ಕಡ್ಡಿಯನ್ನು ಮುರಿದು, ಬಳುಕಿಸಿ, ಬೂಟಿಗೆ ಸುತ್ತಿ ಗಂಟು ಹಾಕಿದ. ನಾಲ್ಕು ದಿನವೂ ಆ ಗಂಟು ಬಿಚ್ಚಲಿಲ್ಲ.

ಕಣಿವೆಯ ಬಾಯಿಗೆ ಬಂದಾಗ ನಾನು ನಿಂತುಬಿಟ್ಟೆ. ಎರಡು ಕಡೆ ಇಳಿಜಾರು. ಅದರ ಮೇಲೆ ಬಾಚಣಿಗೆ ಎಳೆದ ಹಾಗೆ ಬಳ್ಳಿಯ ಸಾಲು. ಸಾಲಿನ ಎಲೆಗಳು ಅಲ್ಲಲ್ಲಿ ಕೆಂಪಗಾಗಿದ್ದವು. ತಳದಲ್ಲಿ ಸಣ್ಣ ಹೊಳೆ. ನಮ್ಮ ಕಡೆ ಸಖರಾಯಪಟ್ಟಣದಲ್ಲಿ ನಿಂತು ಚಿಕ್ಕಮಗಳೂರಿನ ಬೆಟ್ಟ ನೋಡಿದರೆ ಬೆಟ್ಟ ದೂರದಲ್ಲಿ ತನ್ನ ಪಾಡಿಗೆ ತಾನು ಇರುತ್ತದೆ. ಇಲ್ಲಿ ಬೆಟ್ಟವನ್ನೇ ಹೊಲ ಮಾಡಿಕೊಂಡಿದ್ದರು. ಕಾಲಿಟ್ಟರೆ ಜಾರುವ ಜಾಗದಲ್ಲೂ ಒಂದು ಬಳ್ಳಿ, ಅದಕ್ಕೊಂದು ಊರುಗೋಲು.

ಲುಯಿಜಿಯ ಮನೆ ಕಲ್ಲಿನದು. ಕೆಳಗೆ ಕೊಟ್ಟಿಗೆ, ಮೇಲೆ ಮನೆ, ಪಕ್ಕದಲ್ಲಿ ದ್ರಾಕ್ಷಿ ಹಿಂಡುವ ಚಪ್ಪರ, ನೆಲದಡಿಯಲ್ಲಿ ಪೀಪಾಯಿಗಳ ಕೋಣೆ. ವೈನ್ ಮಾಡುವ ಕಾರ್ಖಾನೆ ಅಂದರೆ ಏನೋ ದೊಡ್ಡದೆಂದುಕೊಂಡಿದ್ದೆ. ಅಲ್ಲಿ ಇದ್ದವರು ಮೂರೇ ಜನ: ಲುಯಿಜಿ, ಅವನ ಹೆಂಡತಿ ಮರೀಯಾ, ಅವನ ಅಪ್ಪ ಆಂಜೆಲೊ. ಆಂಜೆಲೊನ ಅಪ್ಪನೂ ಅಜ್ಜನೂ ಅದೇ ಪೀಪಾಯಿಗಳಲ್ಲಿ ವೈನ್ ಮಾಡಿದವರು.

ಆಂಜೆಲೊಗೆ ಎಪ್ಪತ್ತು ದಾಟಿರಬೇಕು. ತಲೆಯ ಮೇಲೆ ಒಂದು ಮಾಸಲು ಟೋಪಿ. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಕೊಟ್ಟಿಗೆಯ ಹೊಸ್ತಿಲು ದಾಟುವಾಗ ಮಾತ್ರ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದ. ಯಾಕೆಂದು ನಾನು ಕೇಳಲಿಲ್ಲ. ನಮ್ಮಪ್ಪ ಕೊಟ್ಟಿಗೆಯ ಹೊರಗೆ ಮೆಟ್ಟು ಬಿಡುತ್ತಿದ್ದ. ಅದನ್ನೂ ನಾನು ಯಾವತ್ತೂ ಕೇಳಿರಲಿಲ್ಲ.

ಒಳಗೆ ಎರಡು ಎತ್ತು ನಿಂತಿದ್ದವು. ಇಷ್ಟು ಎತ್ತರದ ಎತ್ತನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದರ ಬೆನ್ನು ನನ್ನ ತಲೆಯ ಮಟ್ಟಕ್ಕಿತ್ತು. ಮೈ ಹಾಲಿನ ಹಾಗೆ ಬಿಳುಪು, ಮೂತಿ ಕಪ್ಪು. ನಮ್ಮ ಅಮೃತಮಹಲ್ ಎತ್ತಿನ ಕೊಂಬು ಕತ್ತಿಯಂತೆ ಹಿಂದಕ್ಕೆ ಸೆಟೆದು ನಿಂತರೆ ಇವಕ್ಕೆ ಗೇಣುದ್ದದ ಕೊಂಬು. ಬೆನ್ನ ಮೇಲೆ ಇಣಿ, ಅಂದರೆ ಡುಬ್ಬ, ಇಲ್ಲ. ಇಣಿಯಿಲ್ಲದ ಎತ್ತು ನನ್ನ ಕಣ್ಣಿಗೆ ಪೇಟವಿಲ್ಲದ ಯಜಮಾನನ ಹಾಗೆ ಕಂಡಿತು. ಆದರೆ ಕಣ್ಣು ಮಾತ್ರ ಅದೇ ಕಣ್ಣು. ನಾನು ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರಿದೆ. ಒಂದು ಎತ್ತು ಕತ್ತು ಚಾಚಿ ನಿಂತಿತು, ಇನ್ನೂ ಸವರು ಎಂಬಂತೆ.

"ಗಲಾಂತೆ" ಅಂದ ಆಂಜೆಲೊ.

ನನಗೆ ಗಲಾಟೆ ಎಂದು ಕೇಳಿಸಿತು. ನಕ್ಕುಬಿಟ್ಟೆ. ನಮ್ಮ ಭಾಷೆಯಲ್ಲಿ ಅದಕ್ಕೆ ಏನರ್ಥ ಎಂದು ಲುಯಿಜಿಗೆ ಹೇಳಿದೆ, ಅವನು ಅಪ್ಪನಿಗೆ ಹೇಳಿದ. ಮುದುಕ ನಗಲಿಲ್ಲ. ಗಲಾಂತೆ ಅಂದರೆ ಮರ್ಯಾದಸ್ಥ, ಇಷ್ಟು ವರ್ಷದಲ್ಲಿ ಒಂದು ದಿನವೂ ಕೊಂಬು ಆಡಿಸಿದವನಲ್ಲ ಎಂದು ಗಂಭೀರವಾಗಿ ತಿಳಿಸಿದ. ಇನ್ನೊಂದರ ಹೆಸರು ಬಿಯಾಂಕೊ, ಬಿಳಿಯ. ಅದು ನೊಗದ ಎಡಕ್ಕೆ ಕಟ್ಟುವ ಎಡಗೋಲು, ಗಲಾಂತೆ ಬಲಗೋಲು. ಎರಡೂ ಕರುವಾಗಿದ್ದಾಗಲೇ ಜೊತೆಗೂಡಿದವು. ಇಳಿಜಾರಿನಲ್ಲಿ ದ್ರಾಕ್ಷಿಯ ತೊಟ್ಟಿ ಹೊತ್ತ ಗಾಡಿ ಇಳಿಸಲು ಆ ಕಣಿವೆಯಲ್ಲಿ ಅವಕ್ಕೆ ಸಮನಾದ ಜೋಡಿ ಇರಲಿಲ್ಲ. ಅರ್ಧ ಕೊಯ್ಲು ಇನ್ನೂ ಬಳ್ಳಿಯ ಮೇಲೆಯೇ ಇತ್ತು.

ಊಟದಲ್ಲಿ ನನ್ನ ಮುಂದೆ ವೈನ್ ಲೋಟ ಬಂತು. ನಾನು ಕೈ ಮುಗಿದು ಬೇಡವೆಂದೆ. ಆಂಜೆಲೊನ ಮುಖ ಸಣ್ಣಗಾಯಿತು. ನಮ್ಮ ಮನೆಯಲ್ಲಿ ಬಂದವರು ಮಜ್ಜಿಗೆ ಮುಟ್ಟದೆ ಎದ್ದರೆ ಅಪ್ಪನ ಮುಖವೂ ಹಾಗೇ ಆಗುತ್ತಿತ್ತು. ಲುಯಿಜಿ ಏನೋ ವಿವರಿಸಿದ. ಮುದುಕ ಎದ್ದುಹೋಗಿ ಆ ವಾರ ತುಳಿದ ದ್ರಾಕ್ಷಿಯ ರಸವನ್ನು ಒಂದು ಚೊಂಬಿನಲ್ಲಿ ತಂದ. ಇದು ಬರೀ ಹಣ್ಣು, ಇದಕ್ಕೆ ನಿಮ್ಮ ದೇವರೂ ಬೇಡ ಅನ್ನಲಾರ ಎಂದ. ಸಿಹಿಯಾಗಿತ್ತು. ಎರಡು ಲೋಟ ಕುಡಿದೆ. ಮೆಟ್ಟಿಲು ಹತ್ತುವಾಗ ಕಾಲು ಸ್ವಲ್ಪ ತೇಲಿದಂತಾಯಿತು. ಆ ರಸ ಆಗಲೇ ಹುದುಗತೊಡಗಿತ್ತು ಎಂದು ಲುಯಿಜಿ ಮರುದಿನ ತಪ್ಪೊಪ್ಪಿಕೊಂಡ.

ಭಾನುವಾರ

ಬೆಳಿಗ್ಗೆ ಮೂವರೂ ಒಳ್ಳೆ ಬಟ್ಟೆ ತೊಟ್ಟು ಚರ್ಚಿಗೆ ಹೊರಟರು. ಭಾನುವಾರ ಎತ್ತುಗಳಿಗೂ ಬಿಡುವು. ಕೊಟ್ಟಿಗೆಯೊಳಗೆ ಕಟ್ಟದೆ ಬಿಟ್ಟಿದ್ದರು. ನಾನೊಬ್ಬನೇ ಉಳಿದೆ.

ಅವರು ಹೋದ ಮೇಲೆ ಕೊಟ್ಟಿಗೆಗೆ ಹೋದೆ. ಮನೆಯ ನೆನಪಾದಾಗ ನಾನು ದನದ ಹತ್ತಿರ ಹೋಗುವವನು, ಅಜ್ಜಂಪುರದಲ್ಲೂ ಹಾಗೇ. ಗಲಾಂತೆಯ ಕತ್ತು ತುರಿಸಿದೆ, ಬಿಯಾಂಕೊನ ಹಲ್ಲು ನೋಡಿದೆ. ಒಂದಿಷ್ಟು ಹೊತ್ತು ಅವುಗಳ ಜೊತೆ ಕನ್ನಡದಲ್ಲಿ ಮಾತಾಡಿದೆ. ಬರುವಾಗ ಬಾಗಿಲೆಳೆದೆ. ಆ ಬಾಗಿಲಿಗೆ ಒಂದು ಮರದ ಚಿಲಕ, ಅದನ್ನು ಎತ್ತಿ ತಿರುಗಿಸಿದರೆ ಮಾತ್ರ ಕೂರುತ್ತದೆ. ಎಳೆದರೆ ತಾನೇ ಬೀಳುತ್ತದೆಂದುಕೊಂಡು, ತಿರುಗಿ ನೋಡದೆ ನಾನು ಹೊಳೆಯ ಕಡೆಗೆ ನಡೆದೆ.

ಬಹಳ ಚೆಂದದ ಬೆಳಗು. ಚರ್ಚಿನ ಗಂಟೆ ಕಣಿವೆಯ ತುಂಬ ಕೇಳುತ್ತಿತ್ತು. ಹೊಳೆಯ ದಂಡೆಯಲ್ಲಿ ಕೂತು ಮನೆಗೊಂದು ಕಾಗದ ಬರೆದೆ. ಒಂದೂವರೆ ಗಂಟೆ ಕಳೆದಿರಬಹುದು.

ವಾಪಸು ಬಂದಾಗ ದ್ರಾಕ್ಷಿ ಹಿಂಡುವ ಚಪ್ಪರದಲ್ಲಿ ಎರಡು ಬಿಳಿ ಬೆನ್ನು ಕಂಡವು.

ಶನಿವಾರ ತುಳಿದು ತುಂಬಿಸಿಟ್ಟಿದ್ದ ದೊಡ್ಡ ತೊಟ್ಟಿಯೊಳಗೆ ಗಲಾಂತೆ ಕಣ್ಣಿನವರೆಗೂ ಮುಖವಿಟ್ಟಿತ್ತು. ಬಿಯಾಂಕೊ ಪಕ್ಕದಲ್ಲಿದ್ದ ಹಿಂಡಿದ ಸಿಪ್ಪೆಯ ರಾಶಿಯನ್ನು ಮೇಯುತ್ತಿತ್ತು. ತೊಟ್ಟಿ ಮುಕ್ಕಾಲು ಖಾಲಿ. ಎರಡರ ಬಾಯಿಂದಲೂ ಕೆಂಪು ರಸ ಸುರಿಯುತ್ತಿತ್ತು.

ನೋಡಿದವರಿಗೆ ನಗು ಬರಬಹುದಾದ ನೋಟ. ನನಗೆ ನಗು ಬರಲಿಲ್ಲ. ಪಂಚನಹಳ್ಳಿಯಲ್ಲಿ ಒಂದು ಮದುವೆ ಮನೆಯ ಹಿಂದೆ ಸುರಿದ ಅನ್ನ ತಿಂದ ಎತ್ತನ್ನು ನೋಡಲು ನನ್ನನ್ನು ಕರೆದಿದ್ದರು. ಹುಲ್ಲು ತಿನ್ನುವ ಹೊಟ್ಟೆಗೆ ಒಮ್ಮೆಗೇ ಅಷ್ಟು ಅನ್ನವೋ ಹಣ್ಣೋ ಬಿದ್ದರೆ ಅದು ಒಳಗೇ ಹುಳಿಯಾಗುತ್ತದೆ. ಆ ಹುಳಿ ರಕ್ತಕ್ಕೆ ಏರುತ್ತದೆ. ಪಂಚನಹಳ್ಳಿಯ ಎತ್ತು ಎರಡು ದಿನ ನರಳಿ ಸತ್ತಿತ್ತು.

ಇವೆರಡನ್ನೂ ಕೊಟ್ಟಿಗೆಗೆ ಹೊಡೆದುಕೊಂಡು ಬಂದೆ. ಬಾಗಿಲು ತೆರೆದೇ ಇತ್ತು. ಚಿಲಕ ನೋಡಿದೆ. ಆಗಲೇ ಗೊತ್ತಾಗಿದ್ದು.

ಚರ್ಚಿನಿಂದ ಬಂದವರು ಅಂಗಳದಲ್ಲಿ ನಿಂತರು. ನಾನು ಲುಯಿಜಿಗೆ, "ಬಾಗಿಲು ಹಾಕಿದ್ದು ನಾನು. ಚಿಲಕ ತಿರುಗಿಸಲಿಲ್ಲ. ಅಪ್ಪನಿಗೆ ಹೇಳು" ಅಂದೆ.

"ಈಗ ಬೇಡ, ದೊತ್ತೋರೆ. ಈಗ ಔಷಧಿ ನೋಡಿ."

"ಮೊದಲು ಹೇಳು."

ಅವನು ಹೇಳಲಿಲ್ಲ. ನಾನೇ ಆಂಜೆಲೊನ ತೋಳು ಹಿಡಿದು ಬಾಗಿಲ ಬಳಿ ಕರೆದುಕೊಂಡು ಹೋದೆ. ನನ್ನ ಎದೆ ಮುಟ್ಟಿಕೊಂಡು, ಬಾಗಿಲೆಳೆದು ತೋರಿಸಿದೆ, ಚಿಲಕ ಬೀಳದೆ ನಿಂತದ್ದನ್ನು ತೋರಿಸಿದೆ. ಅವನು ನೋಡಿದ. ಚಿಲಕವನ್ನು ಎತ್ತಿ ತಿರುಗಿಸಿ ಕೂರಿಸಿದ. ಆಮೇಲೆ ಟೋಪಿ ತೆಗೆದು ಒಳಗೆ ಹೋದ.

ಪಕ್ಕದ ಪಟ್ಟಣದ ಪಶುವೈದ್ಯರು ಊರಲ್ಲಿರಲಿಲ್ಲ, ಬರುವುದು ಸೋಮವಾರ ಸಂಜೆಯೇ ಎಂದು ಸೈಕಲ್ಲಿನಲ್ಲಿ ಹೋಗಿ ಬಂದ ಲುಯಿಜಿ ತಿಳಿಸಿದ. ನನ್ನ ಬಳಿ ಒಂದು ಥರ್ಮಾಮೀಟರ್ ಬಿಟ್ಟರೆ ಏನೂ ಇಲ್ಲ. ಹೊಟ್ಟೆ ತೊಳೆಯಬೇಕು, ಬೇರೆ ದಾರಿ ಇಲ್ಲ. ಆಗ ಪೀಪಾಯಿಯಿಂದ ಪೀಪಾಯಿಗೆ ವೈನ್ ಇಳಿಸುವ ರಬ್ಬರ್ ಕೊಳವೆ ಕಣ್ಣಿಗೆ ಬಿತ್ತು. ಹೆಬ್ಬೆರಳಿಗಿಂತ ದಪ್ಪ, ಎರಡು ಮಾರುದ್ದ. ಲುಯಿಜಿ ಪೀಪಾಯಿಯ ಒಂದು ಹಲಗೆ ತುಂಡಿಗೆ ತೂತು ಕೊರೆದ. ಅದನ್ನು ಎತ್ತಿನ ಬಾಯಿಗೆ ಅಡ್ಡವಿಟ್ಟು, ತೂತಿನೊಳಗಿಂದ ಕೊಳವೆಯನ್ನು ಹೊಟ್ಟೆಗೆ ಇಳಿಸಿದೆವು. ಮರೀಯಾ ತಾಮ್ರದ ಹಂಡೆಯಲ್ಲಿ ನೀರು ಬೆಚ್ಚಗೆ ಮಾಡಿ ಕೊಡಗಟ್ಟಲೆ ತಂದಳು. ಆಲಿಕೆಯಿಂದ ಹುಯ್ಯುವುದು, ಕೊಳವೆಯ ತುದಿ ಕೆಳಗಿಳಿಸಿ ಹೊರಗೆ ಬಿಡುವುದು. ಮತ್ತೆ ಹುಯ್ಯುವುದು.

"ಹುಳಿ ಮುರಿಯೋದಕ್ಕೆ ಏನಾದರೂ ಇದೆಯಾ? ಸುಣ್ಣದಂಥದ್ದು?" ಎಂದು ಕೇಳಿದೆ.

ಆಂಜೆಲೊ ನೆಲಮಾಳಿಗೆಗೆ ಇಳಿದು ಒಂದು ಚೀಲ ತಂದ. ಹಣ್ಣು ಸರಿಯಾಗಿ ಮಾಗದ ವರ್ಷ ವೈನಿನ ಹುಳಿ ಕಡಿಮೆ ಮಾಡಲು ಬೆರೆಸುವ ಸೀಮೆಸುಣ್ಣದ ಪುಡಿ. ಅದನ್ನೇ ನೀರಿಗೆ ಕದಡಿ ಕೊಟ್ಟೆವು.

ಬಿಯಾಂಕೊನ ಹೊಟ್ಟೆಯಿಂದ ಸಿಪ್ಪೆ ಬಂತು, ಬರುತ್ತಲೇ ಇತ್ತು. ಗಲಾಂತೆಯ ಕೊಳವೆ ಮಾತ್ರ ಮತ್ತೆ ಮತ್ತೆ ಕಟ್ಟಿಕೊಂಡಿತು. ತೊಟ್ಟಿಯ ತಳದ ಗಟ್ಟಿ ಹಣ್ಣು, ಬೀಜ. ತೆಗೆದು ತೊಳೆದು ಮತ್ತೆ ಇಳಿಸಿದೆವು. ಒಂದು ಸಲ ಕೊಳವೆ ಇಳಿಸುವಾಗ ಗಲಾಂತೆ ನನ್ನ ಕೈ ನೆಕ್ಕಿತು. ಕತ್ತಲಾಗುವ ತನಕ ಮಾಡಿದೆವು. ಕೊನೆಗೆ ಲುಯಿಜಿ ನನ್ನ ಭುಜ ಮುಟ್ಟಿ, "ಸಾಕು, ದೊತ್ತೋರೆ. ಸಾಕು" ಅಂದ.

ಸೋಮವಾರ

ಬೆಳಿಗ್ಗೆ ಬಿಯಾಂಕೊ ತಲೆ ತಗ್ಗಿಸಿ ನಿಂತಿತ್ತು. ಗಲಾಂತೆ ಮಲಗಿತ್ತು. ಕತ್ತನ್ನು ಹಿಂದಕ್ಕೆ ತಿರುಗಿಸಿ ಪಕ್ಕೆಯ ಮೇಲೆ ಇಟ್ಟುಕೊಂಡಿತ್ತು. ದನದ ಕೆಲಸ ಬಲ್ಲವರಿಗೆ ಆ ಭಂಗಿಯ ಅರ್ಥ ಗೊತ್ತು. ಕಿವಿ ತಣ್ಣಗಿದ್ದವು. ಹಲ್ಲು ಕಡಿಯುತ್ತಿತ್ತು. ಕಣ್ಣು ಒಳಗೆ ಹೋಗಿದ್ದವು. ಉಸಿರಿನ ಜೊತೆ ಒಂದೊಂದು ಸಲ ನರಳುತ್ತಿತ್ತು.

ನಾವು ಮತ್ತೆ ತೊಳೆದೆವು, ಮತ್ತೆ ಸೀಮೆಸುಣ್ಣ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಒಬ್ಬ ಹೊಸ ಮನುಷ್ಯ ಬಂದು ನಿಂತ. ಸೊಂಟಕ್ಕೆ ದಪ್ಪ ಬಟ್ಟೆ ಕಟ್ಟಿದ್ದ. ಯಾರೆಂದು ಲುಯಿಜಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಆಂಜೆಲೊ ನನ್ನ ಹತ್ತಿರ ಬಂದು ಕೂತ. ಮೆಲ್ಲಗೆ ಮಾತಾಡಿದ. ಲುಯಿಜಿ ತರ್ಜುಮೆ ಮಾಡಿದ. "ಅಪ್ಪ ಕೇಳುತ್ತಿದ್ದಾನೆ. ತಾನಾಗಿ ಸತ್ತರೆ ಇದನ್ನು ಹೂಳಬೇಕು, ಅದು ಕಾನೂನು. ಜೀವ ಇರುವಾಗ ಕೊಯ್ದರೆ ಮಾಂಸವನ್ನು ಅಕ್ಕಪಕ್ಕದವರು ದುಡ್ಡು ಕೊಟ್ಟು ಹಂಚಿಕೊಳ್ಳುತ್ತಾರೆ. ಕಷ್ಟ ಬಂದ ಮನೆಗೆ ಇಲ್ಲಿ ಹಾಗೆ ಆಗುವುದು ಪದ್ಧತಿ. ಇನ್ನೊಂದು ಎತ್ತು ಕೊಳ್ಳುವುದಕ್ಕೆ ಅದೇ ದಾರಿ. ಆದರೆ ಇದು ಉಳಿಯುವ ಹಾಗಿದ್ದರೆ ಅಪ್ಪ ಮುಟ್ಟಿಸುವುದಿಲ್ಲ. ನೀವು ಹೇಳಬೇಕು. ಉಳಿಯುತ್ತದಾ?"

ಅಂದು ಸೋಮವಾರ. ನಮ್ಮೂರಲ್ಲಿ ಎತ್ತಿನ ಹೆಗಲಿಗೆ ನೊಗ ಮುಟ್ಟಿಸದ ದಿನ. ಅಮ್ಮ ಅವುಗಳ ಹಣೆಗೆ ವಿಭೂತಿ ಹಚ್ಚುವ ದಿನ. ನಮ್ಮ ಮನೆಯಲ್ಲಿ ಎತ್ತು ಎಂದು ಕರೆಯುವುದಕ್ಕಿಂತ ಬಸವಣ್ಣ ಎಂದು ಕರೆದದ್ದೇ ಹೆಚ್ಚು. ಆ ಮನೆಯ ಮಗ ನಾನು. ಬಾಗಿಲು ತೆರೆದಿಟ್ಟು ಅದಕ್ಕೆ ಈ ಗತಿ ತಂದವನೂ ನಾನು. ಈಗ ಅದನ್ನು ಕೊಯ್ಯಿರಿ ಎನ್ನಬೇಕಾದವನೂ ನಾನೇ.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಪಂಚನಹಳ್ಳಿಯಲ್ಲಿ ಹಾಗೇ ಹೇಳಿದ್ದೆ. ನೋಡೋಣ, ದೇವರಿದ್ದಾನೆ ಎಂದು ಹೇಳಿ ಬಸ್ಸು ಹಿಡಿದಿದ್ದೆ. ಆಮೇಲೆ ಮನಸ್ಸು ತಡೆಯದೆ ಮರುದಿನ ತಿರುಗಿ ಹೋದಾಗಲೂ ಅದು ನರಳುತ್ತಲೇ ಇತ್ತು.

"ಒಂದು ಗಂಟೆ ಕೊಡಿ" ಅಂದೆ.

ಆ ಒಂದು ಗಂಟೆ ಗಲಾಂತೆಯ ಪಕ್ಕದಲ್ಲಿ ಕೂತಿದ್ದೆ. ಎಡಪಕ್ಕೆಗೆ ಕಿವಿ ಇಟ್ಟೆ. ಆರೋಗ್ಯವಾದ ಎತ್ತಿನ ಹೊಟ್ಟೆ ದೂರದ ಗುಡುಗಿನ ಹಾಗೆ ನಿಮಿಷಕ್ಕೆ ಒಂದೆರಡು ಸಲ ಉರುಳುತ್ತದೆ. ಆ ಸದ್ದಿಗೆ ಕಾದೆ. ಒಂದು ಸಲ ಬಂದ ಹಾಗಾಯಿತು. ಅದು ನನ್ನ ಕಿವಿಯದೇ ಸದ್ದು. ನಾಡಿ ಎಣಿಸುವುದಕ್ಕೂ ಆಗದಷ್ಟು ಬೇಗ ಬೇಗ, ದಾರದ ಹಾಗೆ ಸಣ್ಣಗೆ ಓಡುತ್ತಿತ್ತು. ಥರ್ಮಾಮೀಟರಿನ ಪಾದರಸ ಬೆಳಿಗ್ಗೆ ಇದ್ದದ್ದಕ್ಕಿಂತ ಕೆಳಗಿತ್ತು.

ಎದ್ದೆ. ಆಂಜೆಲೊ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ.

"ನೋ" ಅಂದೆ.

ಆ ಒಂದು ಮಾತಿಗೆ ತರ್ಜುಮೆ ಬೇಕಾಗಲಿಲ್ಲ. ಇಂಗ್ಲಿಷಿನಲ್ಲೂ ಅವರ ಭಾಷೆಯಲ್ಲೂ ಅದು ಒಂದೇ.

"ನೀವು ಮೇಲೆ ಹೋಗಿ" ಎಂದ ಲುಯಿಜಿ. "ನಿಮ್ಮ ಧರ್ಮ ನನಗೆ ಗೊತ್ತು." ನನಗೂ ಹೋಗಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟೂ ಇಟ್ಟೆ. ಆದರೆ ಹೇಳುವಷ್ಟು ಹೇಳಿ, ಮಾಡುವುದನ್ನು ಬೇರೆಯವರಿಗೆ ಬಿಟ್ಟು ಹೋಗುವುದು ಅವತ್ತು ನನ್ನಿಂದ ಆಗಲಿಲ್ಲ. ವಾಪಸು ಬಂದು ಪಕ್ಕೆಯ ಮೇಲೆ ಕೈ ಇಟ್ಟು ಕೂತೆ.

ಆಂಜೆಲೊ ಬಿಯಾಂಕೊನನ್ನು ಹೊರಗೆ ಕಳಿಸಿದ. ಆಮೇಲೆ ಗಲಾಂತೆಯ ತಲೆಯ ಬಳಿ ಮಂಡಿಯೂರಿ, ಅದರ ಕಿವಿಯಲ್ಲಿ ಏನೋ ಹೇಳಿ, ತನ್ನ ಟೋಪಿಯನ್ನು ಅದರ ಕಣ್ಣಿನ ಮೇಲೆ ಹಿಡಿದ. ಬಂದಿದ್ದ ಮನುಷ್ಯ ತನ್ನ ಕೆಲಸ ಬಲ್ಲವನು. ಒಂದೇ ಏಟು. ನನ್ನ ಅಂಗೈ ಕೆಳಗೆ ಒಂದು ನಡುಕ ಬಂತು, ಹೋಯಿತು. ಅಷ್ಟೇ.

ನನ್ನ ಬಾಯಲ್ಲಿ ಪಂಚಾಕ್ಷರಿ ಬಂತು. ಅದನ್ನು ಹೇಳುವ ಹಕ್ಕು ನನಗಿತ್ತೋ ಇಲ್ಲವೋ ಎಂದು ಈಗಲೂ ಗೊತ್ತಿಲ್ಲ.

ಸಂಜೆ ಕಣಿವೆಯ ಮನೆ ಮನೆಯಿಂದ ಜನ ಬಂದರು. ಯಾರೂ ಜೋರಾಗಿ ಮಾತಾಡಲಿಲ್ಲ. ಹೆಂಗಸರು ಮರೀಯಾಳ ಕೆನ್ನೆಗೆ ಕೆನ್ನೆ ತಾಗಿಸಿದರು. ಗಂಡಸರು ಆಂಜೆಲೊನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತು, ತಮ್ಮ ಪಾಲಿನ ಪಾತ್ರೆ ಬಟ್ಟೆಯಲ್ಲಿ ಮುಚ್ಚಿಕೊಂಡು ಹೋದರು. ನಮ್ಮಲ್ಲಿ ಸಾವಿನ ಮನೆಗೆ ಬಂದು ಹೋಗುವವರ ನಡಿಗೆಯೇ ಅದು.

ಊಟಕ್ಕೆ ಕರೆದಾಗ ನಾನು ಹೋಗಲು ಹಿಂಜರಿದೆ. ಮೇಜಿನ ಮೇಲೆ ಏನಿರುತ್ತದೋ ಎಂದು ಹೆದರಿದ್ದೆ. ಇದ್ದದ್ದು ರೊಟ್ಟಿ, ಬೇಯಿಸಿದ ಹುರುಳಿಯಂಥ ಕಾಳು, ಉಪ್ಪು. ನಾಲ್ಕು ತಟ್ಟೆಯಲ್ಲೂ ಅದೇ. ಆ ಮನೆಯವರು ಗಲಾಂತೆಯ ಒಂದು ತುಂಡನ್ನೂ ಇಟ್ಟುಕೊಂಡಿರಲಿಲ್ಲ. ಅವರ ಬಗ್ಗೆ ನಾನು ಅಂದುಕೊಂಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆ ಹೊತ್ತಿಗೆ ಪಟ್ಟಣದ ವೈದ್ಯರು ಬಂದರು. ಬಿಯಾಂಕೊನನ್ನು ನೋಡಿ, ಹಲಗೆಯನ್ನೂ ಕೊಳವೆಯನ್ನೂ ನೋಡಿ, ನನ್ನ ಕೈ ಕುಲುಕಿದರು. ಆ ಹೊಗಳಿಕೆಗೆ ನಾನು ತಲೆಯೆತ್ತಲಿಲ್ಲ.

ಮಂಗಳವಾರ

ಬಿಯಾಂಕೊ ಮೆಲುಕು ಹಾಕುತ್ತಿತ್ತು. ದವಡೆ ಒಂದು ಪಕ್ಕಕ್ಕೆ ತಿರುಗಿ ಬರುವ ಆ ಸಣ್ಣ ಸದ್ದು ಕೇಳಿದ ಮೇಲೆಯೇ ಅದು ಉಳಿಯಿತೆಂದು ನಂಬಿದೆ. ಲುಯಿಜಿ ಓಡಿಹೋಗಿ ಅಪ್ಪನನ್ನು ಕರೆತಂದ.

ಆಂಜೆಲೊ ಅದಕ್ಕೆ ಗಾಳಿ ಆಡಲೆಂದು ಅಂಗಳಕ್ಕೆ ಬಿಟ್ಟ. ಅದು ಮೆಲ್ಲಗೆ ಗಾಡಿಯ ಹತ್ತಿರ ನಡೆದುಹೋಗಿ, ಮೂಕಿಮರದ ಎಡಗಡೆ, ತನ್ನ ಜಾಗದಲ್ಲಿ ನಿಂತಿತು. ಬಲಗಡೆಗೆ ಕತ್ತು ತಿರುಗಿಸಿ ಒಂದು ಸಲ ಕೂಗಿತು. ಮತ್ತೆ ಕಾಯುತ್ತ ನಿಂತಿತು. ಯಾರೂ ಅದನ್ನು ಅಲ್ಲಿಂದ ಅಟ್ಟಲಿಲ್ಲ. ಮರೀಯಾ ಮುಖಕ್ಕೆ ಸೆರಗಿನಂಥ ಬಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ಹೊರಡುವ ಮುಂಚೆ ಆಂಜೆಲೊ ಲುಯಿಜಿಯ ಮೂಲಕ ನನ್ನನ್ನು ಒಂದು ಮಾತು ಕೇಳಿದ. "ನಿಮ್ಮ ಊರಲ್ಲಿ ಏನು ಮಾಡುತ್ತಿದ್ದಿರಿ?"

"ಪಕ್ಕದಲ್ಲಿ ಕೂರುತ್ತಿದ್ದೆವು" ಅಂದೆ. "ಸಾಯುವವರೆಗೆ."

"ಎಷ್ಟು ದಿನ?"

"ಇನ್ನೂ ಒಂದು ದಿನ. ಎರಡೂ ಆಗಬಹುದಿತ್ತು."

ಮುದುಕ ಬಿಯಾಂಕೊನ ಕಡೆ ನೋಡಿದ. "ಅದೂ ಕಷ್ಟ" ಅಂದ. ಆಮೇಲೆ ಎರಡು ಮೈಲಿ ನಡೆದು ಬಸ್ಸಿನವರೆಗೆ ಬಂದ. ಬಸ್ಸು ಹೊರಟಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಜ್ಜಂಪುರ, ಹಿರೇನಲ್ಲೂರು

ವಾಪಸು ಬಂದ ಮೇಲೆ ವೈನಿನ ಕೊಳವೆಯಲ್ಲಿ ಎತ್ತು ಉಳಿಸಿದ ಕತೆ ನನಗೆ ಹೆಸರು ತಂದಿತು. ಅಜ್ಜಂಪುರದಲ್ಲಿ ಹೇಳಿದೆ. ತರೀಕೆರೆಯಲ್ಲಿ ಪಶುವೈದ್ಯರೆಲ್ಲ ಸೇರಿದ್ದಾಗ ಕರೆದು ಹೇಳಿಸಿದರು. ಕಡೂರಿನ ಆಸ್ಪತ್ರೆಯಲ್ಲಿ ಅಂಥದೇ ಒಂದು ಕೊಳವೆ ತರಿಸಿ ಇಟ್ಟರು. ಅದರಿಂದ ಕೆಲವು ದನ ಬದುಕಿದವು ಕೂಡ. ಎಲ್ಲ ಕಡೆಯೂ ನಾನು ಹೇಳಿದ್ದು ಒಂದು ಎತ್ತಿನ ಕತೆ. ಎರಡು ಎತ್ತಿದ್ದವು ಎಂದು ಅವರಲ್ಲಿ ಯಾರಿಗೂ ಹೇಳಲಿಲ್ಲ. ಬಾಗಿಲ ವಿಷಯವನ್ನಂತೂ ಎತ್ತಲೇ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಲುಯಿಜಿಯ ಕಾಗದ ಬಂತು. ವಿಳಾಸ ತಪ್ಪಿ ಹಿರೇನಲ್ಲೂರಿನ ಮನೆಗೆ ಹೋಗಿತ್ತು. ನಾನು ರಜಕ್ಕೆ ಹೋದಾಗ ಅಪ್ಪ ಅದನ್ನು ಕೈಗೆ ಕೊಟ್ಟು, "ಏನ್ ಬರ್ದವ್ರೆ, ಓದು" ಅಂದ. ಅಪ್ಪ ಅಂಗಳದಲ್ಲಿ ಕೂತು ಎತ್ತಿಗೆ ಹತ್ತಿಕಾಳು ನೆನೆಹಾಕುತ್ತಿದ್ದ.

ಓದಿ ಕನ್ನಡದಲ್ಲಿ ಹೇಳಿದೆ. ಹೊಸ ಎತ್ತು ತಂದರಂತೆ. ಅದೂ ಎಡಗೋಲಿಗೇ ಪಳಗಿದ್ದು, ಬಲಕ್ಕೆ ಕಟ್ಟಿದರೆ ನಿಲ್ಲುತ್ತಿರಲಿಲ್ಲವಂತೆ. ಕೊನೆಗೆ ಆಂಜೆಲೊ ಬಿಯಾಂಕೊನನ್ನೇ ಬಲಕ್ಕೆ ಕಲಿಸಿದನಂತೆ. ಚಳಿಗಾಲವಿಡೀ ದಿನಾ ಬೆಳಿಗ್ಗೆ ಅದರ ಪಕ್ಕದಲ್ಲಿ ತಾನೇ ಎಡಗೋಲಾಗಿ ನಡೆದನಂತೆ. ಈಗ ಕಲಿತಿದೆಯಂತೆ.

ಅಪ್ಪನ ಕೈ ನಿಂತಿತು. "ಆ ವಯಸ್ಸಿನ ಎತ್ತಿಗೆ ಗೋಲು ಬದಲಾಯ್ಸೋದು ಸಾಮಾನ್ಯ ಅಲ್ಲ ಕಣೋ. ಹಳೇ ಜೋಡಿ ಏನಾಯ್ತು?"

ಹೇಳಿದೆ. ಮೊದಲಿಂದ ಹೇಳಿದೆ. ಚಿಲಕ, ತೊಟ್ಟಿ, ಕೊಳವೆ, ಅಂಗಳಕ್ಕೆ ಬಂದ ಮನುಷ್ಯ, ನಾನು ಆಡಿದ ಒಂದು ಮಾತು. ಸೋಮವಾರ ಎಂದೂ ಹೇಳಿದೆ. ಅಡುಗೆಮನೆ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದವಳು ಒಳಗೆ ಹೋದಳು.

ಅಪ್ಪ ಬಾನಿಯೊಳಗೆ ಕೈ ಅದ್ದಿ ಹತ್ತಿಕಾಳು ತಿರುವಿದ. ಬಯ್ಯುತ್ತಾನೆ ಎಂದುಕೊಂಡೆ. ಎದ್ದುಹೋಗುತ್ತಾನೆ ಎಂದುಕೊಂಡೆ.

"ನೋವಿತ್ತಾ ಅದಕ್ಕೆ?" ಅಂದ.

"ಬಹಳ ಇತ್ತು."

"ಸರಿ ಅಂತ ನಾನು ಹೇಳಾಕಿಲ್ಲ. ತಪ್ಪು ಅಂತ್ಲೂ ಹೇಳಾಕಿಲ್ಲ. ನಾನಾಗಿದ್ರೆ ಬಾಯೇ ಬತ್ತಿರ್ಲಿಲ್ಲ." ಆಮೇಲೆ ಕೇಳಿದ, "ಆ ಮುದುಕ ನಿನ್ನ ಬೈದ್ನೇನೋ?"

"ಇಲ್ಲ."

"ಬಾಗ್ಲು ನೀನೇ ಬಿಟ್ಟಿದ್ದು ಅಂತ ಗೊತ್ತಾದ್ಮೇಲೂ?"

"ಒಂದು ಮಾತೂ ಅನ್ನಲಿಲ್ಲ."

ಅಪ್ಪ ಹತ್ತಿಕಾಳಿನ ಬಾನಿಯನ್ನು ಪಕ್ಕಕ್ಕೆ ಸರಿಸಿದ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ಬೆನ್ನ ಮೇಲೆ ಇಟ್ಟ. ನಾನು ದೊಡ್ಡವನಾದ ಮೇಲೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಬೈದಿದ್ರೆ ಚೆನ್ನಾಗಿತ್ತು ಕಣೋ ರುದ್ರ" ಅಂದ. "ನಿನಗೆ ಹಗುರ ಆಗೋದು."

ಇಟಲಿಯಲ್ಲಿ ಬಾರದ ಅಳು ನನಗೆ ಆಗ ಬಂತು.